ಒಂದು ದಿನದಲ್ಲಿ ಸಾತೊಡ್ಡಿ ಜಲಪಾತ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯವರಿಗೆ ಮಾರ್ಗದರ್ಶಿ

ಯಲ್ಲಾಪುರ ತಾಲ್ಲೂಕಿನ ಸಾತೊಡ್ಡಿ ಜಲಪಾತಕ್ಕೆ ಗಾಡಿ ನಿಲ್ಲಿಸುವ ಜಾಗದಿಂದ ಇರುವ ಕಾಡುಹಾದಿ ಒಂದು ಕಿಲೋಮೀಟರಿನ ಆಸುಪಾಸು. ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಬೆಳಿಗ್ಗೆ ಹತ್ತಿ ಇಳಿಯುವಷ್ಟು ದಮ್ಮಿದ್ದವರು ಇದನ್ನು ಆರಾಮಾಗಿ ನಡೆಯಬಹುದು. ಹಾದಿ ಸಣ್ಣದೆಂಬ ಕಾರಣಕ್ಕೇ ಎಷ್ಟೋ ಮಂದಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ನಡುಮಧ್ಯಾಹ್ನ ಊಟ ಮುಗಿಸಿ, ಯಾರಿಗೂ ಹೇಳದೆ ಹೊರಟುಬಿಡುತ್ತಾರೆ. ಇಂಥ ಕಡೆ ಅವಘಡ ಆಗುವುದು ಹಾದಿಯಲ್ಲಲ್ಲ. ಕೊನೆಯ ನೂರು ಹೆಜ್ಜೆಯಲ್ಲಿ, ಒದ್ದೆ ಬಂಡೆಯ ಮೇಲೆ ಮತ್ತು ನೀರು ಬೀಳುವ ಜಾಗದ ಮಡುವಿನಲ್ಲಿ. ಆದ್ದರಿಂದ ರಸ್ತೆಯ ಮಾತನ್ನು ಬೇಗ ಮುಗಿಸಿ ನೀರಿನ ಮಾತನ್ನು ಇಲ್ಲಿ ವಿಸ್ತಾರವಾಗಿ ಹೇಳಲಾಗಿದೆ.

ಯಾವ ತಿಂಗಳು, ಯಾವ ದಿನ

ಕಲ್ಲರಮನೆ ಘಟ್ಟದ ಸುತ್ತಲಿನ ಹಲವು ಸಣ್ಣ ಹಳ್ಳಗಳು ಕೂಡಿ, ಸುಮಾರು 15 ಮೀಟರ್ ಎತ್ತರದಿಂದ ಅಗಲವಾಗಿ ಬಿದ್ದು, ಕಾಳಿ ನದಿಗೆ ಕಟ್ಟಿದ ಕೊಡಸಳ್ಳಿ ಅಣೆಕಟ್ಟೆಯ ಹಿನ್ನೀರಿಗೆ ಸೇರುತ್ತವೆ. ಅದೇ ತಾಲ್ಲೂಕಿನ ಮಾಗೋಡು ಜಲಪಾತದ ಲೆಕ್ಕ ಬೇರೆ. ಅಲ್ಲಿ ಬೀಳುವುದು ಬೇಡ್ತಿ ನದಿ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಕಲಘಟಗಿ ಹತ್ತಿರ ಆ ನದಿಯನ್ನು ಕೂಡುತ್ತದೆ, ಅಂದರೆ ನಮ್ಮ ಊರಿನ ಮಳೆಯ ನೀರೇ ಬಹಳ ದೂರ ಹರಿದು ಮಾಗೋಡಿನಲ್ಲಿ ಧುಮುಕುತ್ತದೆ. ಸಾತೊಡ್ಡಿಗೆ ಅಷ್ಟು ದೂರದ ನೀರಿಲ್ಲ, ಮೇಲಿನ ಕಾಡಿನ ನೀರಷ್ಟೇ. ಹೀಗಾಗಿ ಮೇಲಿನ ಗುಡ್ಡದಲ್ಲಿ ಒಂದು ತಾಸು ಜೋರು ಮಳೆ ಹೊಡೆದರೆ ಕೆಳಗಿನ ಹಳ್ಳ ಬಹಳ ಬೇಗ ಏರುತ್ತದೆ, ಕೆಳಗೆ ನಿಂತವರ ತಲೆಯ ಮೇಲೆ ಬಿಸಿಲಿದ್ದರೂ ಏರುತ್ತದೆ.

ಅಕ್ಟೋಬರ್ ಎರಡನೇ ವಾರದಿಂದ ಡಿಸೆಂಬರ್ ಕೊನೆಯವರೆಗೆ ಹೋಗುವುದು ಎಲ್ಲಕ್ಕಿಂತ ಉತ್ತಮ. ಮಳೆಗಾಲದ ರಾಡಿ ಇಳಿದು ನೀರು ತಿಳಿಯಾಗಿರುತ್ತದೆ, ಹರಿವೂ ಸಾಕಷ್ಟಿರುತ್ತದೆ, ಉಂಬಳ ಕಡಿಮೆಯಾಗಿರುತ್ತದೆ. ಆದರೂ ಅಕ್ಟೋಬರಿನಲ್ಲಿ ಮಧ್ಯಾಹ್ನದ ನಂತರ ಗುಡುಗು-ಮಳೆ ಬರುವುದುಂಟು, ಆ ತಿಂಗಳಲ್ಲಿ ಊಟದ ಹೊತ್ತಿಗೇ ನೀರು ಬಿಟ್ಟು ಮೇಲೆ ಬಂದಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತ ನೋಡಲು ಭರ್ಜರಿ, ಇಳಿಯಲು ಅಲ್ಲ. ಆಗ ಮಳೆ ಹೆಚ್ಚಾದರೆ ಪ್ರವೇಶ ನಿಲ್ಲಿಸುವುದೂ ಇದೆ, ಗೇಟಿನಲ್ಲಿ ಬೇಡ ಅಂದರೆ ವಾದ ಮಾಡದೆ ತಿರುಗಬೇಕು. ಫೆಬ್ರವರಿ ನಂತರ ನೀರು ಸಣ್ಣದಾಗುತ್ತಾ ಹೋಗುತ್ತದೆ, ಜೊತೆಗೆ ಒಣ ಕಾಡಿನಲ್ಲಿ ಉಣ್ಣೆಗಳ ಕಾಟ ಹೆಚ್ಚಿರುತ್ತದೆ.

ಹವಾಮಾನ ನೋಡುವಾಗ ನಮ್ಮ ಕಡೆಯವರು ಒಂದು ತಪ್ಪು ಪದೇ ಪದೇ ಮಾಡುತ್ತಾರೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳು ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಉತ್ತರ ಒಳನಾಡಿನಲ್ಲಿ ಬರುತ್ತವೆ. ಯಲ್ಲಾಪುರ ಘಟ್ಟದ ಮೇಲಿದ್ದರೂ ಉತ್ತರ ಕನ್ನಡ ಜಿಲ್ಲೆಯದು, ಆ ಜಿಲ್ಲೆ ಬರುವುದು ಕರಾವಳಿ ವಿಭಾಗದಲ್ಲಿ. ಆದ್ದರಿಂದ ಹಿಂದಿನ ರಾತ್ರಿ ನೋಡಬೇಕಾದದ್ದು ಕರಾವಳಿ, ಅದರಲ್ಲೂ ಉತ್ತರ ಕನ್ನಡದ ಮುನ್ಸೂಚನೆ. ಹಳದಿ ಎಚ್ಚರಿಕೆ ಎಂದರೆ ಸಾಮಾನ್ಯವಾಗಿ 24 ತಾಸಿನಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆ, ಕಿತ್ತಳೆ ಎಂದರೆ 204.4ರವರೆಗೆ, ಕೆಂಪು ಎಂದರೆ ಅದಕ್ಕೂ ಮೇಲೆ. ಗದಗಿನಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದರ ಮೂರನೆಯ ಒಂದು ಪಾಲು ಒಂದೇ ದಿನ ಗುಡ್ಡದ ಮೇಲೆ ಸುರಿದರೆ ಹಳ್ಳ ಏನಾಗಬಹುದೆಂದು ಅಂದಾಜು ಮಾಡಿ. ಹಳದಿ ಇದ್ದರೂ ನೀರಿಗಿಳಿಯುವ ವಿಚಾರ ಬಿಡಿ, ಕಿತ್ತಳೆ ಇದ್ದರೆ ಪ್ರವಾಸವನ್ನೇ ಮುಂದೂಡಿ.

ದಾರಿ

ಹುಬ್ಬಳ್ಳಿಯಿಂದ ಅಂಕೋಲಾ ಹೆದ್ದಾರಿಯಲ್ಲಿ ಕಲಘಟಗಿ, ಕಿರವತ್ತಿ ದಾಟಿ ಯಲ್ಲಾಪುರ ಸುಮಾರು 70 ಕಿಲೋಮೀಟರ್. ಧಾರವಾಡದವರು ಹುಬ್ಬಳ್ಳಿಗೆ ಬರದೆ ನೇರ ಕಲಘಟಗಿಗೆ ಬಂದು ಕೂಡಿಕೊಳ್ಳಬಹುದು. ಹಾವೇರಿಯವರಿಗೆ ಹಾನಗಲ್ಲ, ಮುಂಡಗೋಡದ ಮೇಲೆ ಬರುವ ದಾರಿ ಇದೆ. ಗದಗಿನವರು ಹುಬ್ಬಳ್ಳಿಯವರೆಗಿನ ಸುಮಾರು 60 ಕಿಲೋಮೀಟರನ್ನು ಲೆಕ್ಕಕ್ಕೆ ಹಿಡಿದು ನಸುಕಿನಲ್ಲೇ ಬಿಡಬೇಕು. ಯಲ್ಲಾಪುರದಿಂದ ಸಾತೊಡ್ಡಿಗೆ ಮತ್ತೆ 30 ಕಿಲೋಮೀಟರಿನ ಮೇಲಿದೆ, ಕಾಡಿನ ನಡುವಿನ ಇಕ್ಕಟ್ಟಾದ ತಿರುವು ದಾರಿ. ಇದಕ್ಕೆ ಒಂದು ತಾಸಿಗಿಂತ ಹೆಚ್ಚೇ ಇಟ್ಟುಕೊಳ್ಳಿ. ಹೆದ್ದಾರಿಯ ವೇಗದ ಲೆಕ್ಕ ಹಿಡಿದವರು ಇಲ್ಲಿಯೇ ಹೊತ್ತು ಕಳೆದುಕೊಂಡು ಮಧ್ಯಾಹ್ನ ತಲುಪುತ್ತಾರೆ.

ಬಸ್ಸಿನಲ್ಲಿ ಯಲ್ಲಾಪುರದವರೆಗೆ ಬರುವುದು ಸುಲಭ, ಕಾರವಾರ, ಅಂಕೋಲಾ ಕಡೆಯ ಬಸ್ಸುಗಳು ಆ ಊರಿನ ಮೇಲೆಯೇ ಹೋಗುತ್ತವೆ. ಮುಂದಕ್ಕೆ ಗಾಡಿ ಬಾಡಿಗೆ ಹಿಡಿಯಬೇಕು, ಹೋಗಿ ಬರುವ ಬಾಡಿಗೆಯನ್ನೂ ಕಾಯುವ ಹೊತ್ತನ್ನೂ ಮೊದಲೇ ಮಾತಾಡಿಕೊಳ್ಳಿ. ಪೆಟ್ರೋಲ್, ಎಟಿಎಂ, ಔಷಧ ಅಂಗಡಿ ಎಲ್ಲವನ್ನೂ ಯಲ್ಲಾಪುರದಲ್ಲಿ ಮುಗಿಸಿ. ಅಲ್ಲಿಂದ ಮುಂದೆ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ, ಆದ್ದರಿಂದ ನಕ್ಷೆಯನ್ನು ಊರಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮನೆಯಲ್ಲಿ ಒಬ್ಬರಿಗೆ ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ಯಲ್ಲಾಪುರಕ್ಕೆ ವಾಪಸ್ ಬಂದು ಫೋನ್ ಮಾಡುತ್ತೀರಿ ಎಂದು ಹೇಳಿಟ್ಟಿರಿ.

ಹುಬ್ಬಳ್ಳಿ ಬಿಡುವುದು 6 ಗಂಟೆಗೆ, ಯಲ್ಲಾಪುರದಲ್ಲಿ ನಾಷ್ಟಾ 8ಕ್ಕೆ, ಜಲಪಾತದ ಬಳಿ 10ರ ಒಳಗೆ. ಈ ಲೆಕ್ಕಕ್ಕೆ ಕಾರಣವಿದೆ. ಭಾನುವಾರ 11ರ ನಂತರ ಜನ ಜಾತ್ರೆಯಂತೆ ಸೇರುತ್ತಾರೆ, ಬಂಡೆಗಳ ಮೇಲೆ ನೂಕಾಟ ಶುರುವಾಗುತ್ತದೆ. ಸಾಧ್ಯವಿದ್ದರೆ ವಾರದ ನಡುವಿನ ದಿನವೇ ಹೋಗಿ.

ಕಾಲಿಗೆ, ಮೈಗೆ, ಚೀಲಕ್ಕೆ

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಿಗೆ ಹಾಕುವುದು. ಹವಾಯಿ ಚಪ್ಪಲಿ ಒದ್ದೆಯಾದರೆ ಪಾದ ಅದರೊಳಗೇ ಜಾರುತ್ತದೆ. ಚರ್ಮದ ಬೂಟು ನೀರು ಕುಡಿದು ಭಾರವಾಗುತ್ತದೆ. ಸವೆದ ಸ್ಪೋರ್ಟ್ಸ್ ಶೂ ಒಣ ನೆಲದಲ್ಲಿ ನಡೆದೀತು, ಪಾಚಿಯ ಮೇಲೆ ಅಲ್ಲ. ಮೆತ್ತನೆಯ ರಬ್ಬರ್ ಅಟ್ಟೆಗೆ ಆಳವಾದ ಗೆರೆಗಳಿರುವ, ಹಿಮ್ಮಡಿಗೆ ಪಟ್ಟಿ ಬಿಗಿಯುವ ಸ್ಯಾಂಡಲ್ ಅಥವಾ ಶೂ ಬೇಕು. ಉಗುರಿನಿಂದ ಅಟ್ಟೆಯನ್ನು ಒತ್ತಿ ನೋಡಿ: ಸ್ವಲ್ಪವೂ ಒಳಗೆ ಹೋಗದಷ್ಟು ಗಡುಸಾಗಿದ್ದರೆ ಅದು ಒದ್ದೆ ಕಲ್ಲನ್ನು ಹಿಡಿಯುವುದಿಲ್ಲ.

ಜೀನ್ಸ್ ಬೇಡ, ಒದ್ದೆಯಾದರೆ ಮೊಣಕಾಲು ಮಡಚಲು ಕಷ್ಟ, ಒಣಗುವುದೂ ಇಲ್ಲ. ತೆಳುವಾದ, ಕಾಲು ತುಂಬ ಮುಚ್ಚುವ ಟ್ರ್ಯಾಕ್ ಪ್ಯಾಂಟ್ ಒಳ್ಳೆಯದು. ಸೀರೆ ಉಟ್ಟವರು ದಂಡೆಯವರೆಗೆ ನಡೆಯಬಹುದು, ಆದರೆ ಹರಿಯುವ ನೀರಿನಲ್ಲಿ ಸೀರೆಯ ನೆರಿಗೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಅಕ್ಕ, ಅವ್ವ ಯಾರೇ ನೀರಿಗಿಳಿಯುವುದಿದ್ದರೂ ಚೂಡಿದಾರವನ್ನೇ ಹಾಕಿಕೊಂಡು ಬರಲಿ.

ಚೀಲದಲ್ಲಿ ಒಬ್ಬರಿಗೆ 2 ಲೀಟರ್ ಕುಡಿಯುವ ನೀರು. ಹಳ್ಳದ ನೀರು ಎಷ್ಟೇ ತಿಳಿಯಿದ್ದರೂ ಕುಡಿಯಬಾರದು, ಮೇಲೆ ದನ, ಕಾಡುಪ್ರಾಣಿ ಇಳಿದಿರುತ್ತವೆ. ಬುತ್ತಿಗೆ ನಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಗಿಂತ ಒಳ್ಳೆಯದು ಇನ್ನೊಂದಿಲ್ಲ: ಕೆಡುವುದಿಲ್ಲ, ಚೆಲ್ಲುವುದಿಲ್ಲ, ಹಗುರ. ಮೊಸರನ್ನ ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನದೊಳಗೆ ಹುಳಿ ಹಿಡಿಯುತ್ತದೆ. ಬುತ್ತಿಯನ್ನು ಪ್ಲಾಸ್ಟಿಕ್ ಕೈಚೀಲದಲ್ಲಿ ಹಿಡಿಯಬೇಡಿ. ಚೀಲದ ಸಪ್ಪಳ ಕೇಳಿದರೆ ಮಂಗಗಳು ಕೈಯಿಂದಲೇ ಕಸಿಯುತ್ತವೆ, ಬಿಡದೆ ಜಗ್ಗಾಡಿದರೆ ಪರಚುತ್ತವೆ. ಡಬ್ಬಿಗೆ ಹಾಕಿ ಬೆನ್ನಚೀಲದೊಳಗೆ ಇಡಿ.

ಇನ್ನು ಎರಡು ವಸ್ತು ಹೆಚ್ಚಿನವರು ತರುವುದೇ ಇಲ್ಲ. ಒಂದು, ಬೆರಳು ಗಾತ್ರದ, 15 ಮೀಟರ್ ಉದ್ದದ ಹಗ್ಗ. ಇನ್ನೊಂದು, 5 ಲೀಟರಿನ ಖಾಲಿ ಎಣ್ಣೆ ಕ್ಯಾನು. ಕ್ಯಾನಿನೊಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿಯಾಗಿ ತಿರುಗಿಸಿ, ಹಿಡಿಕೆಗೆ ಹಗ್ಗ ಕಟ್ಟಿ. ಪೂರ್ತಿ ಖಾಲಿಯಿದ್ದರೆ ಎಸೆದಾಗ ಗಾಳಿಗೆ ಹಾರಿ ದೂರ ಹೋಗದೆ ಬೀಳುತ್ತದೆ, ಒಂದು ಲೋಟ ನೀರಿದ್ದರೆ ನೇರ ಹೋಗುತ್ತದೆ, ತೇಲುವುದಂತೂ ತೇಲುತ್ತದೆ. ಇವುಗಳ ಜೊತೆಗೆ ಒಂದು ಆಳೆತ್ತರದ ಬಡಿಗೆ, ಬ್ಯಾಂಡೇಜ್ ಬಟ್ಟೆ, ಒಂದು ಟಾರ್ಚ್, ಕಸ ವಾಪಸ್ ತರಲು ಒಂದು ಚೀಲ. ಗಾಜಿನ ಬಾಟಲಿ ಯಾವ ಕಾರಣಕ್ಕೂ ಬೇಡ, ಒಡೆದ ಚೂರು ನೀರಿನ ತಳದಲ್ಲಿ ವರ್ಷಗಟ್ಟಲೆ ಉಳಿದು ಯಾರದೋ ಮಗುವಿನ ಕಾಲು ಸೀಳುತ್ತದೆ.

ಕಾಡಿನ ಹಾದಿ

ಹಾದಿ ಹಿನ್ನೀರಿನ ಬದಿಗೆ, ಹಳ್ಳದ ಗುಂಟ ಹೋಗುತ್ತದೆ. ಮಾಡಿದ ಹಾದಿ ಬಿಟ್ಟು ಅಡ್ಡದಾರಿ ಹಿಡಿಯಬಾರದು. ನಿಧಾನ ನಡೆದರೂ ಅರ್ಧ ತಾಸು ಸಾಕು. ಮಾತು ಕಡಿಮೆ ಮಾಡಿದರೆ ಮರದ ತುದಿಯಲ್ಲಿ ಕೆಂದಳಿಲು ಕಂಡೀತು, ಮಂಗಟ್ಟೆ ಹಕ್ಕಿಯ ರೆಕ್ಕೆ ಬಡಿತ ಕೇಳೀತು. ಸ್ಪೀಕರ್ ಹಚ್ಚಿಕೊಂಡು ನಡೆಯುವವರಿಗೆ ಇವೆರಡೂ ಇಲ್ಲ, ಉಳಿದವರಿಗೂ ಅವರು ಉಳಿಸುವುದಿಲ್ಲ. ಹಿನ್ನೀರಿಗೆ ಮಾತ್ರ ಇಳಿಯಲೇಬೇಡಿ. ಮೇಲ್ನೋಟಕ್ಕೆ ಕೆರೆಯಂತೆ ಸುಮ್ಮನಿರುತ್ತದೆ. ದಂಡೆಯ ಕೆಸರು ಮೊಣಕಾಲವರೆಗೆ ಹೂಳುತ್ತದೆ, ಎರಡು ಹೆಜ್ಜೆ ಮುಂದೆ ಮುಳುಗಿದ ಕಣಿವೆಯ ಇಳಿಜಾರು ಇರಬಹುದು.

ಬಂಡೆಯ ಮೇಲೆ ಕಾಲಿಡುವ ಮುಂಚೆ

ಹಳ್ಳದ ಕಲ್ಲುಗಳಲ್ಲಿ ಮೂರು ಬಗೆ ಕಾಣುತ್ತವೆ. ಒಣಗಿ ಮಾಸಲು ಬೂದಿ ಬಣ್ಣವಿರುವುದು ಕಾಲು ಹಿಡಿಯುತ್ತದೆ. ಒದ್ದೆಯಿದ್ದೂ ಒರಟಾಗಿರುವುದು ನಂಬಲರ್ಹ, ಆದರೆ ಪರೀಕ್ಷಿಸಿ ಇಡಬೇಕು. ಒದ್ದೆಯಾಗಿ ಕಪ್ಪಗೆ ಅಥವಾ ಹಸಿರಾಗಿ ಮಿಂಚುವುದರ ಮೇಲೆ ಪಾಚಿಯ ತೆಳು ಪದರವಿರುತ್ತದೆ, ಯಾವ ಶೂ ಹಾಕಿದರೂ ಅದು ಜಾರುತ್ತದೆ. ಎಲ್ಲರೂ ಎದ್ದು ಕಾಣುವ ಹಸಿರು ಪಾಚಿಗೆ ಹೆದರುತ್ತಾರೆ. ಕಪ್ಪು ಮಿಂಚಿನ ಪಾಚಿ ಬರೀ ಒದ್ದೆ ಕಲ್ಲಿನಂತೆ ಕಾಣುವುದರಿಂದ ಹೆಚ್ಚು ಜನರನ್ನು ಕೆಡವುತ್ತದೆ.

ಒಂದು ಬಂಡೆಯಿಂದ ಇನ್ನೊಂದಕ್ಕೆ ಜಿಗಿಯಬೇಡಿ. ಬಡಿಗೆ, ಒಂದು ಕಾಲು, ಇನ್ನೊಂದು ಕಾಲು: ಮೂರರಲ್ಲಿ ಎರಡು ಯಾವಾಗಲೂ ನೆಲದ ಮೇಲಿರಲಿ. ಪಾದವನ್ನು ಕಲ್ಲಿನ ನೆತ್ತಿಯ ಮೇಲಲ್ಲ, ಎರಡು ಕಲ್ಲುಗಳ ನಡುವಿನ ಸಮತಟ್ಟಿನ ಮೇಲೆ ಇಡಿ. ಆದರೆ ಹರಿಯುವ ನೀರಿನಲ್ಲಿ ಸಂದಿಗೆ ಪಾದ ತೂರಿಸಬಾರದು. ಸಂದಿಯಲ್ಲಿ ಕಾಲು ಸಿಕ್ಕು, ಸೆಳವು ಮೈಯನ್ನು ಮುಂದಕ್ಕೆ ತಳ್ಳಿದರೆ ಮೊಣಕಾಲು ನೀರಿನಲ್ಲೂ ಮುಖ ಮೇಲೆತ್ತಲಾಗದೆ ಮುಳುಗುವ ಅಪಾಯವಿದೆ. ಫೋಟೋ ತೆಗೆಯುವಾಗ ನಿಂತೇ ತೆಗೆಯಿರಿ, ಪರದೆ ನೋಡುತ್ತಾ ಒಂದು ಹೆಜ್ಜೆಯೂ ಹಿಂದಕ್ಕೆ ಇಡಬೇಡಿ.

ಹಳ್ಳ ದಾಟಬೇಕಾದರೆ ಇಕ್ಕಟ್ಟಾದ ಜಾಗ ಹತ್ತಿರವೆಂದು ಕಾಣುತ್ತದೆ, ಆದರೆ ಅಷ್ಟೂ ನೀರು ಅಲ್ಲೇ ನುಗ್ಗುವುದರಿಂದ ಆಳವೂ ವೇಗವೂ ಅಲ್ಲಿಯೇ ಹೆಚ್ಚು. ಅಗಲವಾಗಿ ಹರಡಿ, ಸಣ್ಣ ಕಲ್ಲುಗಳ ಮೇಲೆ ಸದ್ದು ಮಾಡುತ್ತಾ ಹರಿಯುವ ಜಾಗ ಆರಿಸಿ. ಇಳಿಯುವ ಮೊದಲು ಒಂದು ಎಲೆ ತೇಲಿಬಿಟ್ಟು ದಂಡೆಯ ಮೇಲೆ ಅದರ ಜೊತೆ ನಡೆಯಿರಿ. ಸಾಮಾನ್ಯ ನಡಿಗೆಯಲ್ಲಿ ಎಲೆ ನಿಮ್ಮನ್ನು ಹಿಂದೆ ಹಾಕಿದರೆ, ಮೊಣಕಾಲು ಮುಟ್ಟುವ ನೀರಿಗೂ ಇಳಿಯಬೇಡಿ. ನೀರಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಅಂದಾಜು ಸ್ವಲ್ಪ ತಪ್ಪಿದರೂ ಪೆಟ್ಟು ದೊಡ್ಡದು. ದಾಟುವಾಗ ಮುಖ ನೀರು ಬರುವ ದಿಕ್ಕಿಗಿರಲಿ, ಬಡಿಗೆಯನ್ನು ಮುಂದೆ ಊರಿ ಪಕ್ಕಕ್ಕೆ ಹೆಜ್ಜೆ ಇಡಿ. ಬೆನ್ನಚೀಲದ ಸೊಂಟದ ಪಟ್ಟಿ ಬಿಚ್ಚಿರಿ, ಬಿದ್ದರೆ ಚೀಲ ಕಳಚಲು ಬರಬೇಕು.

ಮಡುವಿನ ಬಳಿ

ತಲುಪಿದ ಕೂಡಲೇ ನೀರಿಗೆ ಓಡಬೇಡಿ. ಒಂದು ಹತ್ತು ನಿಮಿಷ ಕೂತು ನೋಡಿ: ನೀರು ಎಲ್ಲಿಂದ ಹೊರಹೋಗುತ್ತದೆ, ತೇಲುವ ಎಲೆಗಳು ಎಲ್ಲಿ ಸುತ್ತುತ್ತವೆ, ಬೇರೆಯವರು ಎಷ್ಟು ಆಳದಲ್ಲಿ ನಿಂತಿದ್ದಾರೆ. ನೀರಿನ ಅಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಆಗಾಗ ಅದನ್ನು ನೋಡುತ್ತಿರಿ. ಆ ಕಲ್ಲು ಒದ್ದೆಯಾಗುತ್ತಾ ಹೋದರೆ, ತಿಳಿನೀರು ಕಂದು ತಿರುಗಿದರೆ, ಕಡ್ಡಿ-ತರಗೆಲೆ ಗುಂಪಾಗಿ ತೇಲಿ ಬಂದರೆ, ಸದ್ದು ದಪ್ಪವಾದರೆ, ಮೇಲೆ ಮಳೆಯಾಗಿದೆ ಎಂದೇ ಅರ್ಥ. ಅರಿವೆ, ಚಪ್ಪಲಿ, ಬುತ್ತಿ ಹುಡುಕುತ್ತಾ ನಿಲ್ಲದೆ ಎಲ್ಲರೂ ಎತ್ತರದ ದಂಡೆಗೆ ಹತ್ತಿ. ಆಚೆ ದಂಡೆಯಲ್ಲಿ ಸಿಕ್ಕಿಬಿದ್ದವರು ಅಲ್ಲಿಯೇ ಮೇಲಕ್ಕೆ ಹೋಗಿ ಕೂರಬೇಕು, ಈಚೆಗೆ ದಾಟಲು ಹೋಗಬಾರದು. ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ.

ತಿಳಿನೀರು ಆಳವನ್ನು ಮುಚ್ಚಿಡುತ್ತದೆ. ನೇರ ಮೇಲಿನಿಂದ ನೋಡಿದಾಗ 6 ಅಡಿ ಆಳದ ನೀರು ನಾಲ್ಕೂವರೆ ಅಡಿಯಂತೆ ಕಾಣುತ್ತದೆ, ದಂಡೆಯಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಐದೂವರೆ ಅಡಿಯ ಮನುಷ್ಯ ಎದೆಮಟ್ಟದ ನೀರೆಂದುಕೊಂಡು ಇಳಿದು ಮುಳುಗುವುದು ಹೀಗೆ. ಕಣ್ಣನ್ನು ನಂಬದೆ ಬಡಿಗೆಯಿಂದ ಅಳೆಯಿರಿ. ಈಜು ಬಾರದವರು ತೊಡೆಯ ಮಟ್ಟ ದಾಟಬಾರದು. ನಮ್ಮ ಕಡೆ ಈಜು ಕಲಿತವರು ಬಹಳಷ್ಟು ಮಂದಿ ಬಾವಿಯಲ್ಲೋ ಈಜುಕೊಳದಲ್ಲೋ ಕಲಿತವರು. ನಿಂತ ನೀರಿನ ಈಜು ಸೆಳವಿನ ನೀರಿನಲ್ಲಿ ಕೆಲಸಕ್ಕೆ ಬರುವುದು ಅರ್ಧ ಮಾತ್ರ.

ನೀರು ಬೀಳುವ ಜಾಗದ ಬಿಳಿ ನೊರೆಗೆ ಹೋಗಲೇಬೇಡಿ. ನೊರೆ ಎಂದರೆ ಗಾಳಿ ಬೆರೆತ ನೀರು, ಅದಕ್ಕೆ ಮೈಯನ್ನು ತೇಲಿಸುವ ಶಕ್ತಿ ಕಡಿಮೆ. ಅಲ್ಲಿ ಒಳ್ಳೆಯ ಈಜುಗಾರನೂ ಕೆಳಗೆ ಹೋಗುತ್ತಾನೆ, ಬೀಳುವ ನೀರು ಮತ್ತೆ ಒಳಕ್ಕೆ ಒತ್ತುತ್ತದೆ. ಧಾರೆಯ ಕೆಳಗೆ ತಲೆಯೊಡ್ಡಿ ನಿಲ್ಲುವುದೂ ಬೇಡ, ನೀರಿನ ಜೊತೆ ಮೇಲಿನಿಂದ ಕಲ್ಲು, ಕೊಂಬೆ ಬರುತ್ತವೆ. ಬಂಡೆಯಿಂದ ಮಡುವಿಗೆ ಹಾರುವುದಂತೂ ಸಲ್ಲ. ಕಳೆದ ವರ್ಷ ಆಳವಿದ್ದ ಜಾಗಕ್ಕೆ ಈ ಮಳೆಗಾಲ ಯಾವ ಬಂಡೆ ಉರುಳಿಸಿ ತಂದಿದೆಯೋ ಮೇಲಿನಿಂದ ಕಾಣುವುದಿಲ್ಲ.

ಮದ್ಯ ಕುಡಿದವರನ್ನು ನೀರಿನ ಹತ್ತಿರವೂ ಬಿಡಬೇಡಿ. ಅಣ್ಣ-ತಮ್ಮಂದಿರ ಗುಂಪಾದರೆ ಹೊರಡುವ ಮುಂಚೆಯೇ ಇದನ್ನು ಖಡಾಖಂಡಿತ ಹೇಳಿಬಿಡಿ, ಅಲ್ಲಿಗೆ ಹೋದ ಮೇಲೆ ಹೇಳಿದರೆ ಜಗಳವಾಗುತ್ತದೆ ಅಷ್ಟೆ. ಗುಂಪಿನಲ್ಲಿ ಒಬ್ಬರು ಸದಾ ದಂಡೆಯ ಮೇಲೆ, ಹಗ್ಗ ಕ್ಯಾನು ಕೈಯಲ್ಲಿ ಹಿಡಿದು, ನೀರಿನಲ್ಲಿರುವವರ ತಲೆ ಎಣಿಸುತ್ತಿರಬೇಕು. ಅರ್ಧ ತಾಸಿಗೊಮ್ಮೆ ಸರದಿ ಬದಲಿಸಿ.

ಯಾರಾದರೂ ಮುಳುಗುತ್ತಿದ್ದರೆ

ಮುಳುಗುವವರು ಹೆಚ್ಚಾಗಿ ಕೂಗುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಕೈಗಳು ಎರಡೂ ಬದಿಗೆ ನೀರನ್ನು ಒತ್ತುತ್ತಿರುತ್ತವೆ. ಆಡುತ್ತಿದ್ದಾರೆ ಎಂದು ಕಾಣುವ ಇದು ಮುಳುಗುವಿಕೆಯ ಲಕ್ಷಣ. ಹಿಂದೆಯೇ ಧುಮುಕಬೇಡಿ, ಹಾಗೆ ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ಪ್ರತಿ ವರ್ಷದ ಸುದ್ದಿ. ಹತ್ತಿರವಿದ್ದರೆ ಮಲಗಿಕೊಂಡು ಬಡಿಗೆ ಚಾಚಿ. ದೂರವಿದ್ದರೆ ಕ್ಯಾನನ್ನು ಅವರ ತಲೆಯಾಚೆಗೆ ಎಸೆದು ಹಗ್ಗ ಕೈಗೆ ಸಿಗುವಂತೆ ಎಳೆಯಿರಿ. ಎಳೆಯುವವರು ಕೂತು, ಕಾಲನ್ನು ಕಲ್ಲಿಗೆ ಒತ್ತಿರಬೇಕು. ಹಗ್ಗವನ್ನು ಸೊಂಟಕ್ಕೋ ಕೈಗೋ ಸುತ್ತಿಕೊಳ್ಳಬೇಡಿ.

ಮೇಲೆ ತಂದವರು ಉಸಿರಾಡದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಬೇಡ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷಗಳು ಹಾಳಾಗುತ್ತವೆ. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಕೊಟ್ಟು ಎರಡು ಸಲ ಎದೆ ಏಳುವಂತೆ ಊದಿ. ಆಮೇಲೆ ಎದೆಯ ನಡುವೆ ಎರಡೂ ಕೈಯಿಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಉಸಿರು ಬರುವವರೆಗೆ ಅಥವಾ ನೆರವು ಸಿಗುವವರೆಗೆ ಇದನ್ನೇ ಮಾಡುತ್ತಿರಿ. ಇನ್ನೊಬ್ಬರು ಗೇಟಿನವರಿಗೆ ತಿಳಿಸಿ, ಸಿಗ್ನಲ್ ಸಿಗುವಲ್ಲಿಂದ 108ಕ್ಕೆ ಅಥವಾ 112ಕ್ಕೆ ಕರೆ ಮಾಡಲಿ. ಚೇತರಿಸಿಕೊಂಡಂತೆ ಕಂಡರೂ ಅಂದೇ ಯಲ್ಲಾಪುರದ ಆಸ್ಪತ್ರೆಗೆ ತೋರಿಸಲೇಬೇಕು, ಒಳಗೆ ಹೋದ ನೀರಿನ ತೊಂದರೆ ಕೆಲವು ತಾಸು ಬಿಟ್ಟು ಕಾಣಿಸಿಕೊಳ್ಳಬಹುದು.

ಉಂಬಳ, ಉಣ್ಣೆ, ಹಾವು

ಉಂಬಳ ಕಚ್ಚಿದರೆ ಅಪಾಯವಿಲ್ಲ, ಅಸಹ್ಯ ಅಷ್ಟೆ. ಉಗುರನ್ನು ಅದರ ಸಣ್ಣ ತುದಿಯ ಕೆಳಗೆ ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಉಪ್ಪು, ಬೆಂಕಿ ಕಡ್ಡಿ ಹಚ್ಚಿದರೆ ಕುಡಿದದ್ದನ್ನು ಗಾಯದೊಳಗೇ ಕಾರಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಕೆಲ ತಾಸು ರಕ್ತ ಜಿನುಗುತ್ತದೆ, ಗಾಬರಿಯಾಗದೆ ತೊಳೆದು ಬಟ್ಟೆ ಒತ್ತಿ ಕಟ್ಟಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಮೂರೂ ಬೇಡ. ಉಂಗುರ, ಕಾಲ್ಗೆಜ್ಜೆ ತೆಗೆದು, ಆ ಕಾಲನ್ನು ಅಲ್ಲಾಡದಂತೆ ಮಾಡಿ, ಎತ್ತಿಕೊಂಡು ಆಸ್ಪತ್ರೆಗೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಮಲೆನಾಡಿನ ಕಾಡಿನಲ್ಲಿರುವ ಗುಳಿಮಂಡಲಗಳಿಗೆ ಅದು ಅಲ್ಲ, ಹಾಗಾಗಿ ಕಚ್ಚಿಸಿಕೊಳ್ಳದಿರುವುದೇ ಜಾಣತನ: ಕಲ್ಲಿನ ಸಂದಿಗೆ, ಒಣ ಎಲೆಯ ರಾಶಿಗೆ ಕೈ ಹಾಕಬೇಡಿ.

ಡಿಸೆಂಬರ್‌ನಿಂದ ಮೇ ತನಕ ಹೋಗುವವರು ಉಣ್ಣೆಯನ್ನು ಹಗುರವಾಗಿ ತಿಳಿಯಬಾರದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇದರಿಂದಲೇ ಹರಡುತ್ತದೆ, ಉತ್ತರ ಕನ್ನಡದಲ್ಲೂ ಕಂಡಿದೆ. ಆ ತಿಂಗಳುಗಳಲ್ಲಿ ಮೈತುಂಬ ಅರಿವೆ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ತೆರೆದ ಚರ್ಮಕ್ಕೆ ಉಣ್ಣೆ ಹತ್ತದಂತೆ ತಡೆಯುವ ಡೀಪಾ ಎಣ್ಣೆ ಹಚ್ಚಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೇಟಿನವರಿಗೆ ತಿಳಿಸಿ.

ಮರಳುವುದು

ಕಣಿವೆಯಲ್ಲಿ ಸೂರ್ಯ ಮುಳುಗುವ ಮೊದಲೇ ಮಬ್ಬು ಕವಿಯುತ್ತದೆ. ಮೂರೂವರೆಗೆ ಮಡು ಬಿಟ್ಟರೆ ಬೆಳಕಿರುವಾಗಲೇ ಯಲ್ಲಾಪುರ ಸೇರಬಹುದು. ಕತ್ತಲಾದ ಮೇಲೆ ಆ ತಿರುವುಗಳಲ್ಲಿ ಕಾಡುಕೋಣ ಅಡ್ಡ ಬಂದರೆ ಬ್ರೇಕಿಗೆ ಜಾಗವಿರುವುದಿಲ್ಲ. ಹೊತ್ತು ಉಳಿದಿದೆಯೆಂದು ಅದೇ ದಿನ ಮಾಗೋಡನ್ನೂ ತುರುಕುವುದು ಬೇಡ. ಸುಮಾರು 200 ಮೀಟರ್ ಆಳಕ್ಕೆ ಎರಡು ಹಂತದಲ್ಲಿ ಬೀಳುವ ಅದನ್ನು ಮೇಲಿನ ಕಟ್ಟೆಯಿಂದ ನೋಡಬೇಕಷ್ಟೆ, ಜೇನುಕಲ್ಲು ಗುಡ್ಡದ ಸೂರ್ಯಾಸ್ತದ ಜೊತೆಗೆ ಅದಕ್ಕೆ ಇನ್ನೊಂದು ದಿನ ಇಡಿ.

ಮನೆಗೆ ಬಂದ ಮೇಲೆ ಅರಿವೆಗಳನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಮಕ್ಕಳ ತಲೆಗೂದಲಿನೊಳಗೆ ಉಣ್ಣೆ ಕೂತಿದೆಯೇ ನೋಡಿ. ಇದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಹಿಸುಕಬೇಡಿ. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ಬರುತ್ತದೆ. ಗಾಯವಿದ್ದ ಕಾಲಿನಲ್ಲಿ ಹಳ್ಳಕ್ಕೆ ಇಳಿದಿದ್ದರೆ ಇಲಿಜ್ವರ ಇನ್ನೂ ತಡವಾಗಿ, ಒಂದೆರಡು ವಾರ ಬಿಟ್ಟು ಬರಬಹುದು. ಒಂದು ತಿಂಗಳೊಳಗೆ ಯಾರಿಗಾದರೂ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲ ಮಾತಿಗೇ ಯಲ್ಲಾಪುರದ ಕಾಡಿಗೆ ಹೋಗಿದ್ದೆವು ಎಂದು, ಹೋದ ತಾರೀಖಿನ ಸಮೇತ ಹೇಳಿ.